ಕಯಾಕ್ ಹೇಗಿದೆ ಅಂತ ಹೇಳುವ ಮೊದಲು ಸೀಟು ಸರಿಮಾಡಿ

(ವೈಟ್‌ವಾಟರ್ ಕಯಾಕಿಂಗ್, ಅಂದರೆ ಸಣ್ಣ ದೋಣಿಯಲ್ಲಿ ಕೂತು ಪ್ಯಾಡಲ್ (ಹುಟ್ಟು) ಹಾಕುತ್ತಾ ನೊರೆ ಏಳುವ ನದಿಯಲ್ಲಿ ಇಳಿಯುವುದನ್ನು ಕಲಿಯುತ್ತಿರುವ, ಮೊದಲ ದೋಣಿ ಕೊಳ್ಳಲು ಹೊರಟಿರುವ ಬೆಂಗಳೂರಿನ ಗೆಳೆಯರ ಮುಂದೆ ಆಡಿದ ಮಾತುಗಳಿವು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿರುವ ಹೆಚ್ಚಿನವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಯಾವ ಕಯಾಕ್ ತಗೊಳ್ಳಲಿ? ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಯಾವ ನದಿಗೆ ಜಾಸ್ತಿ ಹೋಗ್ತೀರಿ? ನಿಮ್ಮ ತೂಕ ಎಷ್ಟು? ಆ ದೋಣಿಯಲ್ಲಿ ಇಳಿಯದೆ ಅರ್ಧ ಗಂಟೆ ಕೂತು ನೋಡಿದ್ದೀರಾ? ಮೊದಲ ಎರಡಕ್ಕೆ ಉತ್ತರ ತಕ್ಷಣ ಬರುತ್ತದೆ. ಮೂರನೆಯದಕ್ಕೆ ಬರುವುದಿಲ್ಲ. ಇವತ್ತಿನ ಮಾತು ಪೂರ್ತಿ ಆ ಮೂರನೆಯ ಪ್ರಶ್ನೆಯ ಸುತ್ತಲೇ ಇದೆ.

ಆರಾಮ ಒಂದು ಕಡೆ, ನೀರಿನಲ್ಲಿ ದೋಣಿಯ ನಡವಳಿಕೆ ಇನ್ನೊಂದು ಕಡೆ ಅಂತ ಜನ ಬೇರೆ ಬೇರೆ ಇಟ್ಟು ಮಾತಾಡುತ್ತಾರೆ. ಕೆರೆಯಲ್ಲಿ ಹೋಗುವ ಉದ್ದನೆಯ ಕಯಾಕಿಗೆ ಅದು ಸ್ವಲ್ಪ ಮಟ್ಟಿಗೆ ಸರಿ. ಹರಿಯುವ, ನೊರೆ ಏಳುವ ನೀರಿನಲ್ಲಿ ಸರಿಯಲ್ಲ. ಅಲ್ಲಿ ದೋಣಿಗೆ ನೀವು ಹೇಳಬೇಕಾದದ್ದನ್ನು ಅರ್ಧ ಪ್ಯಾಡಲ್ ಹೇಳುತ್ತದೆ, ಇನ್ನರ್ಧ ನಿಮ್ಮ ಸೊಂಟ, ಮಂಡಿ, ಪಾದ ಹೇಳುತ್ತವೆ. ಸೊಂಟದ ಪಕ್ಕ ಎರಡು ಬೆರಳು ಜಾಗ ಖಾಲಿ ಇದ್ದರೆ, ನೀವು ವಾಲಿದ ಮೇಲೆ ಸ್ವಲ್ಪ ತಡವಾಗಿ ದೋಣಿ ವಾಲುತ್ತದೆ. ಆ ತಡದಲ್ಲೇ ನೀರು ನಿಮ್ಮನ್ನು ಮಗುಚಿಬಿಡುತ್ತದೆ. ಹಾಗೆ ಮಗುಚಿದವರು ದಡಕ್ಕೆ ಬಂದು ಹೇಳುವುದು ಏನು? "ಈ ದೋಣಿಗೆ ಸ್ಟೆಬಿಲಿಟಿ ಇಲ್ಲ." ಚಪ್ಪಲಿ ಕಚ್ಚುತ್ತಿರುವಾಗ ದಾರಿ ಚೆನ್ನಾಗಿಲ್ಲ ಅಂದ ಹಾಗೆ ಇದು.

ಹಾಗಾಗಿ ನಾನು ಪದೇ ಪದೇ ಹೇಳುವುದಿಷ್ಟೇ. ದೇಹ ಮತ್ತು ದೋಣಿ ಒಂದಾಗುವವರೆಗೆ ದೋಣಿಯ ಬಗ್ಗೆ ಅಭಿಪ್ರಾಯ ಬೇಡ. ದೋಣಿ ತಿರುಗಲ್ಲ, ಮೂತಿ ಮುಳುಗುತ್ತದೆ, ಬಾಲ ಎಳೆಯುತ್ತದೆ ಅನ್ನುವ ದೂರುಗಳಲ್ಲಿ ಬಹಳಷ್ಟು ನಿಜವಾಗಿ ಸೀಟಿನ ದೂರುಗಳು.

ಮೊದಲು ಮನೆಯಲ್ಲಿ, ನೆಲದ ಮೇಲೆ. ಒಂದು ಹಳೇ ಜಮಖಾನ ಹಾಸಿ, ದೋಣಿ ಇಟ್ಟು ಕೂತುಕೊಳ್ಳಿ. ನದಿಗೆ ಹಾಕುವ ಶೂ ಹಾಕಿಕೊಂಡೇ ಕೂರಬೇಕು, ಬರಿಗಾಲಲ್ಲಿ ಅಲ್ಲ. ಒಂದು ದಪ್ಪ ಸೋಲ್ ಒಳಗೆ ಹೋದರೆ ಕಾಲಿನ ಲೆಕ್ಕವೇ ಬದಲಾಗುತ್ತದೆ. ವೈಟ್‌ವಾಟರ್ ದೋಣಿಯ ಒಳಗೆ ನಿಮ್ಮನ್ನು ಹಿಡಿಯುವ ಜಾಗಗಳು ಐದು: ಪಾದದ ಮುಂದಿನ ಅಡ್ಡ ತಟ್ಟೆಯಾದ ಬಲ್ಕ್‌ಹೆಡ್, ತೊಡೆಯ ಮೇಲೆ ಬರುವ ಥೈ ಬ್ರೇಸ್, ಎರಡೂ ಪಕ್ಕದ ಹಿಪ್ ಪ್ಯಾಡ್, ಸೀಟು, ಬೆನ್ನಿನ ಕೆಳಗಿನ ಬ್ಯಾಕ್‌ಬ್ಯಾಂಡ್. ಎಲ್ಲವನ್ನೂ ಒಟ್ಟಿಗೆ ಬಿಗಿ ಮಾಡಬೇಡಿ. ಪಾದದಿಂದ ಶುರುಮಾಡಿ ಮೇಲಕ್ಕೆ ಬನ್ನಿ.

ಪಾದದ ಮುಂಭಾಗ ಬಲ್ಕ್‌ಹೆಡ್‌ಗೆ ತಾಗಿರಬೇಕು, ಆದರೆ ಸುಮ್ನೆ ಕೂತಾಗ ಒತ್ತಡ ಇರಬಾರದು. ನೀವು ತಳ್ಳಿದಾಗ ಮಾತ್ರ ಒತ್ತಬೇಕು. ಬಲ್ಕ್‌ಹೆಡ್ ಮುಂದೆ ದಪ್ಪ ಫೋಮ್ ಇದೆಯಾ ನೋಡಿ. ಮೂತಿ ನೇರವಾಗಿ ಬಂಡೆಗೆ ಹೊಡೆದಾಗ ಆ ಪೆಟ್ಟು ಬರುವುದು ನಿಮ್ಮ ಹಿಮ್ಮಡಿಗೆ, ಕಾಲಿನ ಗಿಣ್ಣಿಗೆ. ಕೆಲವು ದೋಣಿಗಳಲ್ಲಿ ಬಲ್ಕ್‌ಹೆಡ್ ಬದಲು ಎರಡು ಪಕ್ಕದಲ್ಲಿ ಪಾದ ಊರಲು ಸಣ್ಣ ಪೆಗ್ ಇರುತ್ತವೆ. ಶಾಂತ ನದಿಗೆ ಪರವಾಗಿಲ್ಲ. ಬಂಡೆ ತುಂಬಿದ, ಕಡಿದಾದ ಹೊಳೆಗೆ ನನಗೆ ಅದು ಬೇಡವೇ ಬೇಡ. ಪೆಟ್ಟು ಬಿದ್ದಾಗ ಪಾದ ಪೆಗ್ ದಾಟಿ ಮುಂದಕ್ಕೆ ಜಾರಿ ಸಿಕ್ಕಿಹಾಕಿಕೊಳ್ಳಬಹುದು, ಮಗುಚಿದ ದೋಣಿಯಿಂದ ಹೊರಗೆ ಬರಲು ಆಗುವುದಿಲ್ಲ.

ಹಿಪ್ ಪ್ಯಾಡಿಗೆ ನನ್ನ ಪರೀಕ್ಷೆ ಸುಲಭ. ಅಂಗೈಯನ್ನು ಚಪ್ಪಟೆಯಾಗಿ ಸೊಂಟ ಮತ್ತು ಪ್ಯಾಡಿನ ನಡುವೆ ತೂರಿಸಿ. ಸ್ವಲ್ಪ ಒತ್ತಿಕೊಂಡೇ ಹೋಗಬೇಕು. ಸಲೀಸಾಗಿ ಹೋದರೆ ಸಡಿಲ, ಹೋಗದೇ ಇದ್ದರೆ ಬಿಗಿ. ಆಮೇಲೆ ಕೂತಲ್ಲೇ ಒಂದು ಮಂಡಿ ಎತ್ತಿ ದೋಣಿಯನ್ನು ಪಕ್ಕಕ್ಕೆ ವಾಲಿಸಿ. ಮಂಡಿ ಎತ್ತಿದ ಕ್ಷಣದಲ್ಲೇ ದೋಣಿ ಎದ್ದರೆ ಸರಿ. ಮಂಡಿ ಮೊದಲು ಎದ್ದು, ಥೈ ಬ್ರೇಸಿಗೆ ತಾಗಿ, ಆಮೇಲೆ ದೋಣಿ ಎದ್ದರೆ ಬ್ರೇಸ್ ಸರಿ ಮಾಡಬೇಕು.

ಇನ್ನು ಬ್ಯಾಕ್‌ಬ್ಯಾಂಡ್. ಇದನ್ನು ಒರಗುವ ಕುರ್ಚಿ ಅಂದುಕೊಂಡು ಜಾಸ್ತಿ ಎಳೆಯುವವರೇ ಹೆಚ್ಚು. ಅದು ಇರುವುದು ನಿಮ್ಮ ಸೊಂಟ ಹಿಂದಕ್ಕೆ ಜಾರದ ಹಾಗೆ ತಡೆಯಲು ಮಾತ್ರ. ಅತಿಯಾಗಿ ಎಳೆದರೆ, ಮುಂದೆ ಬಲ್ಕ್‌ಹೆಡ್ ಹಿಂದೆ ಬ್ಯಾಂಡ್ ನಡುವೆ ಕಾಲು ಅದುಮಿ ಹೋಗುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಜೋಮು ಶುರು. ಕಾಲು ಜೋಮು ಹಿಡಿಯುವುದನ್ನು "ಅಭ್ಯಾಸ ಆಗುತ್ತೆ ಬಿಡು" ಅಂತ ಹೇಳುವವರ ಮಾತು ಕೇಳಬೇಡಿ. ಜೋಮು ಹಿಡಿದ ಕಾಲಿನಿಂದ ದೋಣಿಯ ಅಂಚು ಎತ್ತಲು ಆಗುವುದಿಲ್ಲ. ದೋಣಿಯಿಂದ ಹೊರಬಂದರೆ ಜಾರುವ ಬಂಡೆ ಮೇಲೆ ನಿಲ್ಲಲೂ ಆಗುವುದಿಲ್ಲ, ಅದು ಇನ್ನೂ ಅಪಾಯ. ಹೆಚ್ಚಿನ ಸಲ ಕಾರಣ ಮೂರರಲ್ಲಿ ಒಂದಾಗಿರುತ್ತದೆ: ಬ್ಯಾಂಡ್ ಬಿಗಿ, ಸೀಟಿನ ಮುಂಭಾಗ ತೊಡೆಯ ಕೆಳಗೆ ಆಧಾರ ಕೊಡದೆ ಭಾರವೆಲ್ಲ ಕುಂಡಿಯ ಮೇಲೇ ಬೀಳುವುದು, ಅಥವಾ ನಿಮ್ಮ ತೊಡೆಯ ಹಿಂಭಾಗದ ಸ್ನಾಯುವೇ ಬಿಗಿಯಾಗಿರುವುದು. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ನಮ್ಮೂರಿನವರಿಗೆ ಮೂರನೆಯದು ಜಾಸ್ತಿ. ಎರಡನೆಯದಕ್ಕೆ ತೊಡೆಯ ಕೆಳಗೆ ಒಂದು ಫೋಮ್ ತುಂಡು ಇಟ್ಟು ನೋಡಿ, ತುಂಬಾ ವ್ಯತ್ಯಾಸ ಕಾಣುತ್ತದೆ.

ಕುಳ್ಳಗೆ, ಸಣ್ಣಗೆ ಇರುವವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು, ಯಾಕಂದ್ರೆ ಇವರಿಗೆ ಅನ್ಯಾಯ ಆಗುವುದನ್ನು ನೋಡಿ ಬೇಜಾರಾಗಿದೆ. ನಮ್ಮಲ್ಲಿ ಬಾಡಿಗೆಗೆ ಸಿಗುವ ದೋಣಿಗಳಲ್ಲಿ ಮೀಡಿಯಂ, ಲಾರ್ಜ್ ಸೈಜೇ ಜಾಸ್ತಿ. 50 ಕೆಜಿಯ ಒಬ್ಬ ಹುಡುಗಿ 80 ಕೆಜಿಯವರಿಗೆ ಮಾಡಿದ ದೋಣಿಯಲ್ಲಿ ಕೂತರೆ, ಕೂರುವ ಜಾಗದ ಸುತ್ತಲಿನ ಕಾಕ್‌ಪಿಟ್ ಅಂಚು ಪಕ್ಕೆಲುಬಿನ ಹತ್ತಿರ ಬರುತ್ತದೆ, ಪ್ಯಾಡಲ್ ಹಾಕುವಾಗಲೆಲ್ಲ ಬೆರಳ ಗೆಣ್ಣು ಡೆಕ್ಕಿಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ದೋಣಿ ವಾಲುವುದೇ ಇಲ್ಲ. ನೀರಿನಲ್ಲಿ ಅದು ಎತ್ತರಕ್ಕೆ ತೇಲುತ್ತದೆ, ಅದರ ಅಂಚು ನೀರಿಗೆ ತಾಗುವುದೇ ಅಪರೂಪ. ಆಮೇಲೆ ಆಕೆಗೆ "ನಿನಗೆ ಬಲ ಸಾಲದು" ಅಂತ ಹೇಳುತ್ತಾರೆ. ಬಲದ ಪ್ರಶ್ನೆಯೇ ಅಲ್ಲ ಅದು. ಸಣ್ಣ ಸೈಜ್ ದೋಣಿ ಕೊಡಿ. ಸಿಗಲಿಲ್ಲವಾ, ಸೀಟಿನ ಮೇಲೆ ಒಂದಿಂಚು ಗಟ್ಟಿ ಫೋಮ್ ಅಂಟಿಸಿ ಎತ್ತರಿಸಿ, ಹಿಪ್ ಪ್ಯಾಡ್ ದಪ್ಪ ಮಾಡಿ. ಎತ್ತರ ಆದಾಗ ದೋಣಿ ಸ್ವಲ್ಪ ಅಲುಗಾಡುತ್ತದೆ ನಿಜ, ಆದರೆ ಹಿಡಿತ ಬರುತ್ತದೆ.

ಇಷ್ಟಾದ ಮೇಲೆ ಶಾಂತ ನೀರು. ಕೆರೆ, ಈಜುಕೊಳ, ನದಿಯ ಅಂಚಿನ ಮಡು, ಯಾವುದಾದರೂ ಸರಿ. (ಕಾಳಿ ನದಿಗೆ ಹೋದವರು ದಾಂಡೇಲಿ ಪೇಟೆಯ ಹತ್ತಿರದ ನಿಂತ ನೀರಿನಲ್ಲಿ ರೋಲ್, ಅಂದರೆ ಮಗುಚಿದ ದೋಣಿಯನ್ನು ಒಳಗೆ ಕೂತೇ ಮತ್ತೆ ಮೇಲಕ್ಕೆ ತಿರುಗಿಸುವುದನ್ನು, ಅಭ್ಯಾಸ ಮಾಡಬೇಡಿ. ಅಲ್ಲಿ ಮೊಸಳೆಗಳಿವೆ.) ಇಲ್ಲಿ ನೋಡಬೇಕಾದದ್ದು ಟ್ರಿಮ್. ಅಂದರೆ ನೀವು ಕೂತಾಗ ದೋಣಿಯ ಮೂತಿ ಮತ್ತು ಬಾಲ ನೀರಿನ ಮೇಲೆ ಎಷ್ಟೆಷ್ಟು ಎತ್ತರ ಇದೆ ಅನ್ನುವುದು. ಇದು ಕೂತವರಿಗೆ ಕಾಣುವುದಿಲ್ಲ. ಗೆಳೆಯರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ, ದೋಣಿಯ ಮೇಲ್ಭಾಗ ಕೆಳಭಾಗ ಸೇರುವ ಗೆರೆ ನೋಡಲು ಹೇಳಿ. ಗೆರೆ ಸಮವಾಗಿರಬೇಕು, ಇಲ್ಲವೇ ಮೂತಿ ಒಂದು ಬೆರಳಷ್ಟು ಮೇಲಿರಬೇಕು. ಮೂತಿ ಕೆಳಗಿದ್ದರೆ ಅಲೆಯೊಳಗೆ ನುಗ್ಗಿಬಿಡುತ್ತದೆ. ಬಾಲ ಕೆಳಗಿದ್ದರೆ ಮೂತಿ ಆ ಕಡೆ ಈ ಕಡೆ ಅಲೆದಾಡುತ್ತದೆ, ಎಡ್ಡಿಯ, ಅಂದರೆ ಬಂಡೆಯ ಹಿಂದೆ ನೀರು ತಿರುಗಿ ಹರಿಯುವ ಜಾಗದ, ಗೆರೆ ದಾಟುವಾಗ ನೀರು ಬಾಲವನ್ನು ಹಿಡಿದು ಎಳೆಯುತ್ತದೆ. ಸೀಟು ಮುಂದಕ್ಕೋ ಹಿಂದಕ್ಕೋ ಎರಡು ಸೆಂಟಿಮೀಟರ್ ಸರಿಸಿದರೆ ಸಾಕು, ಬೇರೆ ದೋಣಿಯಲ್ಲೇ ಕೂತ ಹಾಗೆ ಆಗುತ್ತದೆ. ಮತ್ತೆ, ನದಿಗೆ ಒಯ್ಯುವ ಸಾಮಾನು ಅವತ್ತೂ ಒಳಗೇ ಇರಲಿ. ಥ್ರೋ ಬ್ಯಾಗ್ (ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲ), ಫಸ್ಟ್ ಏಡ್, ಎರಡು ಲೀಟರ್ ನೀರು, ಊಟದ ಡಬ್ಬಿ, ಇವೆಲ್ಲ ಸೀಟಿನ ಹಿಂದೆ ಹೋಗುತ್ತವೆ, ಬಾಲವನ್ನು ಕೆಳಗಿಳಿಸುತ್ತವೆ. ಖಾಲಿ ದೋಣಿಯ ಟ್ರಿಮ್ ನೋಡಿ ಏನೂ ಉಪಯೋಗವಿಲ್ಲ.

ಹಾಗೇ ಎರಡೂ ಕಡೆಗೆ ರೋಲ್ ಮಾಡಿ. ದೋಣಿಯೊಳಗೆ ನೀರು ಬರದ ಹಾಗೆ ಸೊಂಟದ ಸುತ್ತ ಮುಚ್ಚುವ ಸ್ಪ್ರೇ ಡೆಕ್ ಹಾಕಿಕೊಂಡು ಮಗುಚಿ, ಅದರ ಪಟ್ಟಿ ಎಳೆದು ಹೊರಗೆ ಬನ್ನಿ. ಸಲೀಸಾಗಿ ಹೊರಬರಲು ಆಗದ ದೋಣಿ ಎಷ್ಟೇ ಆರಾಮವಾಗಿದ್ದರೂ, ಎಷ್ಟೇ ಚೆನ್ನಾಗಿ ತಿರುಗಿದರೂ ನಿಮ್ಮದಲ್ಲ.

ಈಗ ನದಿ. ಇಲ್ಲಿ ಯಾವ ನದಿ ಅನ್ನುವುದು ತುಂಬಾ ಮುಖ್ಯ. ದೋಣಿ ಪರೀಕ್ಷೆಗೆ ನನಗೆ ಇಷ್ಟ ಗಣೇಶಗುಡಿ ಹತ್ತಿರದ ಕಾಳಿ. ಮೇಲೆ ಸೂಪಾ ಅಣೆಕಟ್ಟು, ವಿದ್ಯುತ್ ಉತ್ಪಾದನೆಗೆ ಬಿಟ್ಟ ನೀರೇ ಅಲ್ಲಿ ಹರಿಯುತ್ತದೆ. ಬಿಡುವ ನೀರು ಒಂದೇ ಮಟ್ಟದಲ್ಲಿದ್ದಾಗ ಅದೇ ಬಂಡೆ, ಅದೇ ಎಡ್ಡಿ, ಅದೇ ಅಲೆ ನಾಳೆಯೂ ಸಿಗುತ್ತದೆ. ಎರಡು ದೋಣಿ ಹೋಲಿಸಬೇಕಾದರೆ ಇದಕ್ಕಿಂತ ಇನ್ನೇನು ಬೇಕು? ಕೊಡಗಿನ ಬರಪೊಳೆಯಲ್ಲಿ ಹಾಗಾಗುವುದಿಲ್ಲ. ಅದು ಮಳೆಗಾಲದ ಹೊಳೆ, ಬ್ರಹ್ಮಗಿರಿ ಕಡೆ ರಾತ್ರಿ ಒಂದು ಜೋರು ಮಳೆ ಬಿದ್ದರೆ ಬೆಳಿಗ್ಗೆ ಬೇರೆಯದೇ ನದಿ. ನಿನ್ನೆ ಒಂದು ದೋಣಿ ಇವತ್ತು ಇನ್ನೊಂದು ದೋಣಿ ಅಂತ ಅಲ್ಲಿ ಹೋಲಿಸಿದರೆ, ನೀವು ಹೋಲಿಸಿದ್ದು ನೀರನ್ನು, ದೋಣಿಯನ್ನಲ್ಲ. ರಿಷಿಕೇಶದ ಗಂಗೆ ಇನ್ನೊಂದು ಥರ. ದೇವಪ್ರಯಾಗದಲ್ಲಿ ಅಲಕನಂದಾ, ಭಾಗೀರಥಿ ಸೇರಿದ ಮೇಲೆ ಬರುವ ದೊಡ್ಡ ನೀರು ಅದು. ರೋಲರ್ ಕೋಸ್ಟರ್, ಗಾಲ್ಫ್ ಕೋರ್ಸ್ ಎಂಬ, ನೀರು ರಭಸವಾಗಿ ಇಳಿಯುವ ರ‍್ಯಾಪಿಡ್‌ಗಳಲ್ಲಿ ಬಂಡೆಗಿಂತ ಅಲೆಯದ್ದೇ ಆಟ. ಭಾಗೀರಥಿಯ ಮೇಲೆ ತೆಹ್ರಿ ಅಣೆಕಟ್ಟು ಇರುವುದರಿಂದ ದಿನದೊಳಗೇ ನೀರಿನ ಮಟ್ಟ ಏರಿಳಿಯುತ್ತದೆ. ಹಾಗಾಗಿ ಅಲ್ಲಿ ಬೆಳಿಗ್ಗೆಯ ದೋಣಿಯನ್ನು ಸಂಜೆಯ ದೋಣಿಗೆ ಹೋಲಿಸಬೇಡಿ. ಒಂದೇ ಎಡ್ಡಿಯಲ್ಲಿ ನಿಂತು ಗೆಳೆಯರ ಜೊತೆ ದೋಣಿ ಅದಲುಬದಲು ಮಾಡಿಕೊಳ್ಳಿ. ಸೀಟು ಸರಿ ಮಾಡಿಕೊಳ್ಳಲು ಹತ್ತು ನಿಮಿಷ ಹೋಗುತ್ತದೆ, ಹೋಗಲಿ.

ನದಿಯಲ್ಲಿ ಏನು ಮಾಡಿ ನೋಡಬೇಕು? ರ‍್ಯಾಪಿಡ್ ಪೂರ್ತಿ ಇಳಿದು "ಚೆನ್ನಾಗಿತ್ತು" ಅನ್ನುವುದು ಪರೀಕ್ಷೆ ಅಲ್ಲ. ಒಂದು ಒಳ್ಳೆಯ ಎಡ್ಡಿ ಹುಡುಕಿ. ಬಂಡೆಯ ಹಿಂದೆ ನೀರು ತಿರುಗಿ ಮೇಲ್ಮುಖವಾಗಿ ಹರಿಯುವ ಜಾಗ ಇದೆಯಲ್ವಾ, ಅದು. ಅದರ ಅಂಚಿನಲ್ಲಿ ಕೆಳಕ್ಕೆ ಹರಿಯುವ ನೀರು, ಮೇಲಕ್ಕೆ ಹರಿಯುವ ನೀರು ಎರಡೂ ಒಂದಕ್ಕೊಂದು ಉಜ್ಜಿಕೊಂಡು ಹೋಗುತ್ತವೆ. ಕಯಾಕಿನ ಗುಣವೆಲ್ಲ ಆ ಒಂದು ಗೆರೆಯ ಮೇಲೆ ಹೊರಗೆ ಬರುತ್ತದೆ.

ಎಡ್ಡಿಯಿಂದ ಹೊರಗೆ ಹೋಗಿ, ಮತ್ತೆ ಒಳಗೆ ಬನ್ನಿ. ಮೊದಲು ನಿಧಾನ, ಆಮೇಲೆ ಜೋರು. ಕೋನ ಬದಲಿಸಿ. ಗೆರೆ ದಾಟುವಾಗ ತಿರುಗುವ ಕಡೆಗೇ ವಾಲಬೇಕು, ಇದು ನಿಮಗೆ ಗೊತ್ತಿರುವುದೇ. ನೋಡಬೇಕಾದದ್ದು, ಎಷ್ಟು ವಾಲಿದರೆ ದೋಣಿ ಒಪ್ಪುತ್ತದೆ ಅಂತ. ಕೆಲವು ದೋಣಿಗಳ ತಳ ಚಪ್ಪಟೆ, ಅಂಚು ಚೂಪು. ಅವು ಗೆರೆ ದಾಟಿದ ತಕ್ಷಣ ಟಕ್ ಅಂತ ತಿರುಗುತ್ತವೆ, ಸಣ್ಣ ಅಲೆಯ ಮೇಲೆ ಸರ್ಫ್ ಮಾಡುವಾಗ ಜಾರಿಕೊಂಡು ಖುಷಿ ಕೊಡುತ್ತವೆ. ಆದರೆ ವಾಲುವುದು ತಪ್ಪಿದರೆ ಮೇಲಿನಿಂದ ಬರುವ ನೀರು ಆ ಚೂಪು ಅಂಚನ್ನು ಹಿಡಿದು ಮಗುಚಿಬಿಡುತ್ತದೆ, ಯೋಚಿಸಲೂ ಸಮಯ ಕೊಡುವುದಿಲ್ಲ. ಗುಂಡಗಿನ ತಳದ ದೋಣಿ ಹಾಗಲ್ಲ. ಕೂತ ತಕ್ಷಣ ಅಲುಗಾಡುತ್ತದೆ, ಹೊಸಬರಿಗೆ ಭಯ ಆಗುತ್ತದೆ, ಆದರೆ ಜಾಸ್ತಿ ವಾಲಿದಾಗ ಅಲ್ಲೇ ನಿಂತು ನಿಮ್ಮನ್ನು ಕಾಯುತ್ತದೆ. ಶಾಂತ ನೀರಿನಲ್ಲಿ ಗಟ್ಟಿಯಾಗಿ ನಿಂತ ದೋಣಿಯೇ ರ‍್ಯಾಪಿಡ್‌ನಲ್ಲೂ ಗಟ್ಟಿ ಅಂದುಕೊಳ್ಳಬೇಡಿ. ಎಷ್ಟೋ ಸಲ ಉಲ್ಟಾ.

ಆಮೇಲೆ ಫೆರಿ. ಮೂತಿ ಮೇಲ್ಮುಖವಾಗಿ ಇಟ್ಟು, ನೀರಿಗೆ ಓರೆಯಾಗಿ ಈ ದಡದಿಂದ ಆ ದಡಕ್ಕೆ ದಾಟುವುದು. ದೋಣಿಯ ವೇಗ ಎಷ್ಟಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ. ಒಂದೇ ಜಾಗದಲ್ಲಿ ಎರಡು ದೋಣಿಯಲ್ಲಿ ದಾಟಿ, ಆ ಕಡೆಯ ದಡದಲ್ಲಿ ಎಷ್ಟು ಕೆಳಗೆ ತಲುಪಿದಿರಿ ನೋಡಿ. ಒಂದು ಮರ, ಒಂದು ಬಂಡೆ ಗುರುತು ಇಟ್ಟುಕೊಂಡರೆ ಸಾಕು. 9 ಅಡಿಯ ದೋಣಿಗೂ 6 ಅಡಿಯ ಪ್ಲೇಬೋಟಿಗೂ (ಅಲೆಯ ಮೇಲೆ ಆಟ ಆಡಲು ಮಾಡಿದ ಗಿಡ್ಡ ದೋಣಿ) ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಧೈರ್ಯ, ಜೊತೆಗಾರರು, ಸುರಕ್ಷಿತ ಜಾಗ ಮೂರೂ ಇದ್ದರೆ ಒಂದು ಸಣ್ಣ ಜಿಗಿತ. ಒಂದು ಮೀಟರ್ ಎತ್ತರದ, ಕೆಳಗೆ ಆಳ ಇರುವ, ಮೊದಲೇ ಇಳಿದು ನೋಡಿದ ಜಾಗವೇ ಆಗಬೇಕು. ಅಂಚಿನಲ್ಲಿ ಒಂದು ಬಲವಾದ ಪ್ಯಾಡಲ್ ಹಾಕಿ ಮೂತಿ ಎತ್ತಿ ಇಳಿಯುವುದು, ಬೂಫ್ ಅಂತಾರೆ. ಮೂತಿ ಮೇಲಕ್ಕೆ ಬಾಗಿರುವ ದೋಣಿ, ಅಂದರೆ ರಾಕರ್ ಜಾಸ್ತಿ ಇರುವ ದೋಣಿ, ಇಲ್ಲಿ ನಿಮ್ಮ ಕೆಲಸ ಅರ್ಧ ತಾನೇ ಮಾಡುತ್ತದೆ. ಅದೇ ದೋಣಿ ಶಾಂತ ನೀರಿನಲ್ಲಿ ನೇರ ಹೋಗಲು ಕಷ್ಟಪಡುತ್ತದೆ. ಎರಡೂ ಬೇಕು ಅಂದರೆ ಆಗುವುದಿಲ್ಲ. ನಿಮ್ಮ ನದಿಯಲ್ಲಿ ಯಾವುದು ಜಾಸ್ತಿ ಬೇಕಾಗುತ್ತದೆ ಅಂತ ನೀವೇ ನಿರ್ಧರಿಸಬೇಕು. ಇಳಿದ ಮೇಲೆ ದೋಣಿ ಎಷ್ಟು ಬೇಗ, ಯಾವ ಭಂಗಿಯಲ್ಲಿ ಮೇಲೆ ಬಂತು ಅನ್ನುವುದನ್ನು ಗೆಳೆಯರು ದಡದಿಂದ ವಿಡಿಯೊ ಮಾಡಲಿ. ಒಳಗೆ ಕೂತವರಿಗೆ ಮುಖಕ್ಕೆ ನೀರು ಹೊಡೆದದ್ದು ಮಾತ್ರ ನೆನಪಿರುತ್ತದೆ.

ಒಳ್ಳೆಯ ಕಯಾಕರ್‌ಗಳು ಸೊಂಟದಿಂದ ಏನು ಮಾಡುತ್ತಾರೆ ಅಂತ ನೋಡಬೇಕಾದರೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ನಡೆದ ಕಯಾಕ್ ಕ್ರಾಸ್ ರೇಸ್ ನೋಡಿ. ನಮ್ಮ ಥರದ್ದೇ ಗಿಡ್ಡ ಪ್ಲಾಸ್ಟಿಕ್ ದೋಣಿಗಳು. ನಾಲ್ಕು ಜನ ಒಟ್ಟಿಗೆ ಇಳಿಜಾರಿನಿಂದ ನೀರಿಗೆ ಜಾರುತ್ತಾರೆ, ದಾರಿಯಲ್ಲಿ ಕಡ್ಡಾಯವಾಗಿ ಒಂದು ರೋಲ್ ಮಾಡಬೇಕು. ಮೇಲ್ಮುಖವಾಗಿ ತಿರುಗಬೇಕಾದ ಗೇಟಿನ ಹತ್ತಿರ ಪ್ಯಾಡಲ್ ನೋಡಬೇಡಿ, ದೋಣಿ ಎಷ್ಟು ವಾಲುತ್ತದೆ ನೋಡಿ.

ಇನ್ನೊಂದು ವಿಷಯ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೋಣಿ ಹೊರುವುದು. ವೈಟ್‌ವಾಟರ್ ಕಯಾಕ್ ಸುಮಾರು 18ರಿಂದ 23 ಕೆಜಿ ಇರುತ್ತದೆ. ಒಳಗೆ ಸಾಮಾನು, ಸ್ವಲ್ಪ ನೀರು ಸೇರಿದರೆ ಇನ್ನೂ ಜಾಸ್ತಿ. ಕೊಡಗಿನಲ್ಲೋ ಕೋಯಿಕ್ಕೋಡಿನ ತುಷಾರಗಿರಿಯಲ್ಲೋ ಮಳೆಗಾಲದಲ್ಲಿ ಹೊಳೆಗೆ ಇಳಿಯುವ ದಾರಿ ಅಂದರೆ ಕೆಸರು, ಬೇರು, ಜಾರು, ಕಾಲ ತುಂಬಾ ಜಿಗಣೆ. ಕಾಕ್‌ಪಿಟ್ ಅಂಚು ಭುಜದ ಮೂಳೆಗೆ ಒತ್ತುತ್ತದೆ. ದೋಣಿ ಭುಜದ ಮೇಲೆ ಸಮತೂಕವಾಗಿ ಕೂರುತ್ತದಾ, ಹಿಡಿಕೆಗೆ ಒದ್ದೆ ಕೈಯಲ್ಲಿ ನಾಲ್ಕು ಬೆರಳು ಹೋಗುತ್ತವಾ ಅಂತ ಕೊಳ್ಳುವ ಮೊದಲೇ ಹೊತ್ತು ನೋಡಿ. ಭುಜ ಸೋತು ನೀರಿಗಿಳಿದವರು ರೋಲ್ ಮಾಡುವುದು ಕಷ್ಟ. ಇದೂ ಆರಾಮದ ಲೆಕ್ಕವೇ.

ನದಿಯಿಂದ ಬಂದ ಮೇಲೆ ಕಾರು ಹತ್ತುವ ಮೊದಲು ಫೋನಿನಲ್ಲಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ಎಲ್ಲಿ ನೋವು, ಎಲ್ಲಿ ಮಗುಚಿತು, ಆಗ ವಾಲಿದ್ದು ಯಾವ ಕಡೆ, ನೀರು ಎಷ್ಟಿತ್ತು. ಊಟ ಮಾಡಿ ಎದ್ದ ಮೇಲೆ ನೆನಪಿರುವುದು ಖುಷಿ ಮಾತ್ರ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು, "ದಕ್ಷಿಣದ ನದಿಗಳಿಗೆ ಒಂದೇ ದೋಣಿ ಇಟ್ಟುಕೊಳ್ಳುವುದಾದರೆ ಯಾವ ಬಗೆ?"

ನನ್ನ ಉತ್ತರ ಸ್ಪಷ್ಟ. ಪ್ಲೇಬೋಟ್ ಬೇಡ. ನಮ್ಮ ಮಳೆಗಾಲದ ಹೊಳೆಗಳು ಇಕ್ಕಟ್ಟು, ಕಡಿದು, ಬಂಡೆ ಜಾಸ್ತಿ, ನೀರಿಗೆ ಬಿದ್ದ ಮರದ ಕೊಂಬೆಗಳೂ ಜಾಸ್ತಿ. ಅಲ್ಲಿ ಬೇಗ ಮೇಲೆ ಬರುವ, ತಪ್ಪನ್ನು ಸಹಿಸುವ ದೋಣಿ ಬೇಕು. ಎಂಟೂವರೆ ಅಡಿ ಆಸುಪಾಸಿನ ರಿವರ್ ರನ್ನರ್ (ನದಿಯುದ್ದಕ್ಕೂ ಇಳಿಯಲು ಮಾಡಿದ ದೋಣಿ), ಇಲ್ಲವೇ ನಿಮ್ಮ ತೂಕಕ್ಕೆ ಸರಿಯಾದ ಕ್ರೀಕ್ ಬೋಟ್ (ಕಡಿದಾದ ಹೊಳೆಗೆ ಮಾಡಿದ ದೋಣಿ). ವಾಲ್ಯೂಮ್, ಅಂದರೆ ದೋಣಿಯ ಒಳಗಾತ್ರದ ಸಂಖ್ಯೆಯನ್ನು ಗ್ಯಾಲನ್‌ನಲ್ಲಿ ಬರೆದಿರುತ್ತಾರೆ, ಒಂದು ಅಮೆರಿಕನ್ ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. 80 ಗ್ಯಾಲನ್ ಅಂದರೆ 300 ಲೀಟರ್ ಆಸುಪಾಸು. ಕಂಪನಿ ಕೊಡುವ ತೂಕದ ಮಿತಿಯ ಮಧ್ಯದಲ್ಲಿ ನೀವು ಬರಬೇಕು, ತುದಿಯಲ್ಲಲ್ಲ. ಆ ತೂಕಕ್ಕೆ ಹೆಲ್ಮೆಟ್, ಲೈಫ್ ಜಾಕೆಟ್, ಒದ್ದೆ ಬಟ್ಟೆ ಸೇರಿಸಿ ಲೆಕ್ಕ ಹಾಕಿ.

ಇನ್ನೊಬ್ಬರದು ಸೆಕೆಂಡ್ ಹ್ಯಾಂಡ್ ದೋಣಿಯ ಪ್ರಶ್ನೆ. ನಮ್ಮಲ್ಲಿ ಹೆಚ್ಚಿನವರು ಕೊಳ್ಳುವುದೂ ಅದೇ.

ಗೀರು ನೋಡಿ ಹೆದರಬೇಡಿ, ಬಂಡೆ ಮೇಲೆ ಓಡಿದ ದೋಣಿಗೆ ಗೀರು ಇದ್ದೇ ಇರುತ್ತದೆ. ಸೀಟಿನ ಕೆಳಗಿನ ತಳವನ್ನು ಹೆಬ್ಬೆರಳಿನಿಂದ ಒತ್ತಿ. ಉಳಿದ ಕಡೆಗಿಂತ ಮೆತ್ತಗೆ ಒಳಗೆ ಹೋದರೆ ಅಲ್ಲಿ ಪ್ಲಾಸ್ಟಿಕ್ ಸವೆದಿದೆ. ಬಿಸಿಲಲ್ಲಿ ತಿಂಗಳುಗಟ್ಟಲೆ ಬಿದ್ದ ದೋಣಿಯ ಬಣ್ಣ ಮಾಸಿ, ಮೈ ಒಣಗಿದ ಹಾಗೆ ಕಾಣುತ್ತದೆ. ಪೆಟ್ಟು ಬಿದ್ದರೆ ಅದು ಒಡೆಯಬಹುದು, ಅಂಥದ್ದನ್ನು ಕೊಳ್ಳಬೇಡಿ. ತಳ ಒಳಕ್ಕೆ ತಗ್ಗಿದ್ದರೆ ಚಿಂತೆ ಇಲ್ಲ, ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟು ಒಳಗಿನಿಂದ ತಳ್ಳಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬಿರುಕು ಇದ್ದರೆ ಯಾವ ಪ್ಲಾಸ್ಟಿಕ್ ಅಂತ ಕೇಳಿ. ಸಾಮಾನ್ಯ ಪಾಲಿಎಥಿಲೀನ್ ಆದರೆ ವೆಲ್ಡ್ ಮಾಡಬಹುದು, ಕ್ರಾಸ್‌ಲಿಂಕ್ ಆದರೆ ಆಗುವುದಿಲ್ಲ, ಅದು ಮತ್ತೆ ಕರಗುವುದಿಲ್ಲ. ಬ್ಯಾಕ್‌ಬ್ಯಾಂಡಿನ ರ‍್ಯಾಚೆಟ್ ಹಲ್ಲು ಹಿಡಿಯುತ್ತದಾ, ಬಲ್ಕ್‌ಹೆಡ್ಡಿನ ಮತ್ತು ಸೀಟಿನ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿದೆಯಾ ನೋಡಿ. ಬೋಲ್ಟ್ ತಿರುಗದ ದೋಣಿಯಲ್ಲಿ ಸೀಟು ಸರಿಸಲು ಆಗುವುದಿಲ್ಲ. ಆಗ ಇವತ್ತು ನಾನು ಹೇಳಿದ್ದು ಯಾವುದನ್ನೂ ನೀವು ಮಾಡಿ ನೋಡಲು ಆಗುವುದಿಲ್ಲ. ಮಾರುವವರ ಎದುರೇ ಸ್ಪ್ಯಾನರ್ ಹಾಕಿ ತಿರುಗಿಸಿ. ತಿರುಗಿದರೆ ಮಾತ್ರ ದುಡ್ಡಿನ ಮಾತು ಎತ್ತಿ.